ಹಸಿದ ಬ್ಯಾಟರಿ

ಸೋಮವಾರ, ಜೂನ್ ೪. ಬೆಳಿಗ್ಗೆ
ಇಂದೂ ಅದೇ. ಕೀ ತಿರುಗಿಸಿದೆ, ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಹಳೆಯ ಬ್ಯಾಟರಿ ಕೈಕೊಟ್ಟಿತೆಂದು ಹಾಕಿಸಿದ ಹೊಸದು ಇದು!
ಇವರು ಬ್ರಷ್ ಹಿಡಿದು ಗೇಟಿನ ಚಿಲಕಕ್ಕೆ ಬಣ್ಣ ಬಳಿಯುತ್ತಿದ್ದರು. ನಿವೃತ್ತರಾದಾಗಿನಿಂದ ತುಕ್ಕೇ ಇವರ ಪರಮಶತ್ರು. ಕಬ್ಬಿಣ ಕಣ್ಣಿಗೆ ಬಿದ್ದರೆ ಕಪ್ಪು ಬಣ್ಣ.
"ಏನು ಟೀಚರಮ್ಮ, ನಿಮ್ಮ ವಿದ್ಯಾರ್ಥಿ ಇವತ್ತೂ ಗೈರುಹಾಜರಾ?"
ಕೀ ತೆಗೆದು, ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

ಅದೇ ದಿನ, ಸಂಜೆ
ಅಳಿಯ ಬಂದಿದ್ದ. "ಅತ್ತೆ, ಭಾನುವಾರ ಒಬ್ರು ಕಾರು ನೋಡೋಕೆ ಬರ್ತಾರೆ. ಕೊಟ್ಬಿಡೋಣ. ಎಲ್ಲಿಗೆ ಹೋಗ್ಬೇಕಾದ್ರೂ ನಾನಿದ್ದೀನಲ್ಲ."
ಇದ್ದಾನೆ, ನಿಜ. ಬಿಡುವಾದಾಗ. ನಿವೃತ್ತಿಯ ನಂತರ ಹಟ ಹಿಡಿದು ಡ್ರೈವಿಂಗ್ ಕಲಿತವಳು, ಗ್ರಂಥಾಲಯಕ್ಕೆ ಹೋಗಲು ಅಳಿಯನ ಬಿಡುವು ಕಾಯಬೇಕೆ?

ಮಂಗಳವಾರ
ಮೆಕ್ಯಾನಿಕ್ ಬಂದ. ಬಾನೆಟ್ಟಿನೊಳಗೆ ಇಣುಕಿದ, ಅಷ್ಟೇ.
"ಆಲ್ಟರ್ನೇಟರ್ ಹೋಗಿದೆ ಮೇಡಂ. ಬ್ಯಾಟರೀನ ಚಾರ್ಜ್ ಮಾಡೋದೇ ಅದು. ಬ್ಯಾಟರೀನೂ ಸತ್ತಿದೆ."
"ಅಳೆದು ನೋಡಿದಿರಾ?"
"ಅಳೆಯೋದೇನು ಮೇಡಂ, ಅನುಭವ!"
ಭೌತಶಾಸ್ತ್ರದ ಪರೀಕ್ಷೆಯಲ್ಲಿ ಹಂತಗಳಿಲ್ಲದೆ ಬರೀ ಉತ್ತರ ಬರೆದವರಿಗೆ ನಾನು ಎಂದೂ ಅಂಕ ಕೊಟ್ಟವಳಲ್ಲ. ನಡೆದೇ ಹೋಗಿ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ತಂದೆ.

ಗುರುವಾರ
ನೆರೆಮನೆಯ ಚಾರ್ಜರಿನಿಂದ ಬ್ಯಾಟರಿ ತುಂಬಿಸಿದ್ದಾಯಿತು. ಎಂಜಿನ್ ಹೇಗೋ ಎದ್ದಿತು. ಓಡುವಾಗ ಬ್ಯಾಟರಿಯಲ್ಲಿ ಹದಿನಾಲ್ಕು ವೋಲ್ಟಿನ ಆಸುಪಾಸು ಇರಬೇಕು. ಇದ್ದದ್ದು ಹನ್ನೆರಡೂವರೆ. ಚಾರ್ಜ್ ಆಗುತ್ತಿಲ್ಲ, ಮೆಕ್ಯಾನಿಕ್ ಹೇಳಿದ್ದು ಅರ್ಧ ಸರಿ.
ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ಬಿಗಿಯಾಗಿದೆ. ತೋಳು ಮಡಚಿ, ಮೀಟರಿನ ಕಡ್ಡಿಗಳನ್ನು ಆಲ್ಟರ್ನೇಟರಿಗೇ ಮುಟ್ಟಿಸಿದೆ. ಹದಿನಾಲ್ಕೂಕಾಲು!
ಅದು ಬಡಿಸುತ್ತಿದೆ. ಇದಕ್ಕೆ ತಲುಪುತ್ತಿಲ್ಲ. ಬ್ಯಾಟರಿ ಸತ್ತಿಲ್ಲ, ಹಸಿದಿದೆ... ನಡುವೆ ಯಾರು ತಿನ್ನುತ್ತಿದ್ದಾರೆ?

ಶುಕ್ರವಾರ
ಎಂಜಿನ್ ಓಡಿಸಿಟ್ಟು ಅಳೆದೆ. ಪ್ಲಸ್ ಕಡೆಯ ತಂತಿ ನಿರ್ದೋಷಿ. ಈ ತುದಿಯಿಂದ ಆ ತುದಿಗೆ ವೋಲ್ಟ್ ಸೋರಿಕೆ ಇಲ್ಲವೇ ಇಲ್ಲ. ಮೈನಸ್ ಕಡೆ ಅಳೆದೆ — ಒಂದೂಮುಕ್ಕಾಲು ವೋಲ್ಟ್ ನಷ್ಟ. ಸಿಕ್ಕಿತು! ತಂತಿಯನ್ನು ಬೆರಳಿನಿಂದ ಹಿಂಬಾಲಿಸಿದೆ. ಕಾರಿನ ಮೈಗೆ ಸೇರುವ ಕಡೆ ಒಂದು ಬೋಲ್ಟ್. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ನಮ್ಮ ಗೇಟಿನದೇ ಕಪ್ಪು.
"ರೀ, ಇಲ್ಲಿ ಬನ್ನಿ. ಏನಿದು?"
"ತುಕ್ಕು ಹಿಡಿದಿತ್ತು ಕಣೆ. ಹೋದ ತಿಂಗಳು ಬಿಚ್ಚಿ, ಒಳಗೂ ನೀಟಾಗಿ ಎರಡು ಕೋಟ್ ಹೊಡೆದೆ. ಹೇಗಿದೆ?"
ಮುಖದಲ್ಲಿ ಬಹುಮಾನ ಗೆದ್ದ ಕಳೆ. ಹಳೆಯ ಬ್ಯಾಟರಿ ಮಲಗಿದ್ದೂ ಹೋದ ತಿಂಗಳೇ.
"ಬಣ್ಣದೊಳಗೆ ಕರೆಂಟ್ ಹರಿಯುತ್ತದೆಯೇ?"
"ಅಯ್ಯೋ..."
ಎಂಜಿನ್ ಆರಿಸಿ ತಂತಿ ಬಿಚ್ಚಿದೆ. ಸ್ಯಾಂಡ್‌ಪೇಪರ್ ಇವರ ಕೈಗೇ ಕೊಟ್ಟೆ. ಲೋಹ ಬೆಳ್ಳಗೆ ಹೊಳೆಯುವವರೆಗೂ ಉಜ್ಜಿದರು. ಮತ್ತೆ ಬಿಗಿದು, ಕೀ ತಿರುಗಿಸಿ, ಬ್ಯಾಟರಿಗೆ ಮೀಟರ್ ಹಿಡಿದೆ.
ಹದಿನಾಲ್ಕು ದಾಟಿತು! ನಾನು ಕೂಗಿದ ರಭಸಕ್ಕೆ ನೆರೆಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಇಣುಕಲಿ.

ಭಾನುವಾರ
ಕಾರು ಕೊಳ್ಳುವವರು ಬಂದರು. ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿದೆ. ಅಳಿಯ ಹಿಂದಿನ ಸೀಟಿನಲ್ಲಿ. ದಾರಿಯುದ್ದಕ್ಕೂ ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿಯೇ ಇದ್ದೆ. ಅಂಗಡಿಬೀದಿಯಲ್ಲಿ ಬೇಕೆಂದೇ ಆರಿಸಿ, ಮತ್ತೆ ಹೊತ್ತಿಸಿದೆ. ಒಂದೇ ಏಟಿಗೆ.
"ಗಾಡಿ ಇಷ್ಟು ಚೆನ್ನಾಗಿದೆ, ಯಾಕೆ ಮಾರ್ತೀರಿ?"
"ಮಾರುತ್ತಿಲ್ಲ. ತಮ್ಮನ್ನು ಎಲ್ಲಿ ಇಳಿಸಲಿ?"
ಅವರು ಇಳಿದ ಮೇಲೆ ಹಿಂದಿನ ಸೀಟಿನಿಂದ ಮೆಲ್ಲಗೆ ದನಿ ಬಂತು: "ಅತ್ತೆ, ನನ್ನ ಗಾಡೀಲೂ ಏನೋ ಸದ್ದು ಬರ್ತಿದೆ. ಸ್ವಲ್ಪ ನೋಡ್ತೀರಾ?"
"ನೋಡೋಣ. ಬಿಡುವಾದಾಗ."

ಸೋಮವಾರ. ಬೆಳಿಗ್ಗೆ
ಗ್ರಂಥಾಲಯಕ್ಕೆ ಹೊರಟಿದ್ದೇನೆ. ಚೀಲ, ಕನ್ನಡಕ, ಕೀ — ಎಲ್ಲ ಸಿದ್ಧ. ಕಿಟಕಿಯಿಂದ ಕಾಣುತ್ತಿದೆ: ಇವರು ಬಾನೆಟ್ ಎತ್ತಿದ್ದಾರೆ. ಕೈಯಲ್ಲಿ ಅದೇ ಡಬ್ಬಿ. ಬ್ರಷ್ ಅದ್ದುತ್ತಿದ್ದಾರೆ. ರೀ! ಆ ಬೋಲ್ಟಿಗೆ ಮಾತ್ರ—