ಟವೆಲಿನ ಆಣೆ

ಜೂನ್ 3, ಬೆಳಿಗ್ಗೆ

ಎದ್ದೆ. ಕಕ್ಕಿದೆ. ಹಲ್ಲುಜ್ಜಲು ಹೋದೆ, ಬ್ರಷ್ ಬಾಯಿಗಿಟ್ಟದ್ದೇ ತಡ, ಮತ್ತೆ ಕಕ್ಕಿದೆ. ಹಳದಿ ನೀರು, ಕಹಿ. ಹೊಟ್ಟೆಯೊಳಗೆ ಏನೂ ಇಲ್ಲ, ಆದರೂ ಕರುಳು ಕಿತ್ತು ಬಾಯಿಗೆ ಬಂದಂತೆ... ಬಚ್ಚಲಲ್ಲಿ ಮೊಣಕಾಲೂರಿ ಬಕೆಟ್ ತಬ್ಬಿಕೊಂಡು ಕೂತೆ. ಕೆಳಗೆ ನಮ್ಮ ಬಾಕ್ಸಿಂಗ್ ಜಿಮ್ಮಿನಲ್ಲಿ ಗಂಟೆ ಹೊಡೆಯಿತು, ರೌಂಡು ಶುರು. ಮರಳು ಚೀಲದ ಮೇಲೆ ಧಬ ಧಬ ಗುದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಗಂಟೆ, ಅವರಿಗೆಲ್ಲ ವಿರಾಮ. ನನಗೆ ಇಲ್ಲ.

ಡಾಕ್ಟರಮ್ಮ ಹೇಳಿದ್ದು: "ಮೊದಲ ತಿಂಗಳುಗಳಲ್ಲಿ ಇದೆಲ್ಲ ಸಹಜ. ಸ್ವಲ್ಪ ಸ್ವಲ್ಪ ತಿನ್ನಿ."

ಸಹಜವಂತೆ! ಇನ್ನೊಂದು ಸಲ ಆ ಮಾತಾಡಿದರೆ ಅವಳ ಮೂತಿಗೇ ಒಂದು ಬಿಡುತ್ತೇನೆ.

ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಇದನ್ನು ಉಳಿಸಿಕೊಳ್ಳಬೇಕು. ಅಷ್ಟೇ. ಮಿಕ್ಕಿದ್ದೆಲ್ಲ ಹಾಳಾಗಿ ಹೋಗಲಿ.

ಜೂನ್ 5

ವಾಸನೆ. ಎಲ್ಲದಕ್ಕೂ ವಾಸನೆ. ಸೋಪಿಗೆ, ದಿಂಬಿಗೆ, ನಲ್ಲಿ ನೀರಿಗೂ. ಎಲ್ಲಕ್ಕಿಂತ ಕೆಟ್ಟದ್ದು ಕೆಳಗಿನಿಂದ ಮೆಟ್ಟಿಲು ಹತ್ತಿ ಬರುವ ಜಿಮ್ಮಿನದು. ಒದ್ದೆ ಗ್ಲೌಸು, ಬೆವರು, ನೋವಿನ ಎಣ್ಣೆ. ಹುಡುಗಿಯಾಗಿದ್ದಾಗಿಂದ ಆ ವಾಸನೆಯಲ್ಲೇ ಬೆಳೆದವಳು ನಾನು. ಈಗ ಅದು ಮೂಗಿಗೆ ಬಡಿದರೆ ಯಾರೋ ಹೊಟ್ಟೆಗೆ ನೇರ ಗುದ್ದಿದ ಹಾಗೆ ಆಗುತ್ತದೆ.

ಇವನು ಪ್ರಾಕ್ಟೀಸ್ ಮುಗಿಸಿ ಹಾಗೇ ಮೇಲೆ ಬಂದ. ಕೈಗೆ ಸಿಕ್ಕ ಚಪ್ಪಲಿ ಬೀಸಿದೆ. ಬಾಗಿಲಿಗೆ ಬಡಿಯಿತು.

"ಸ್ನಾನ ಮಾಡದೆ ಒಳಗೆ ಕಾಲಿಟ್ರೆ ಕಾಲು ಮುರೀತೀನಿ ಕಣೋ!"

"ಆಯ್ತು ಮಾರಾಯ್ತಿ, ಹೋದೆ," ಅಂತ ಇಳಿದು ಹೋದ.

ಮೊದಲು ನನ್ನ ಕೋಚ್, ಆಮೇಲೆ ಗಂಡ. ಜಿಮ್ಮಿನಲ್ಲಿ "ಸರ್" ಅನ್ನುತ್ತೇನೆ, ಮನೆಯಲ್ಲಿ "ಏನೋ". ಅತ್ತೆಗೆ ಎರಡೂ ಆಗದು. "ಕೆಳಗೆ ಸರ್, ಮೇಲೆ ಏನೋ. ಮಧ್ಯದಲ್ಲಿ ಒಂದು ಮೆಟ್ಟಿಲೂ ಇಲ್ವಾ ನಿನ್ನ ಹತ್ರ?" ಅನ್ನುತ್ತಾರೆ. ನನ್ನ ಒಂದು ಪಂದ್ಯಕ್ಕೂ ಬಂದವರಲ್ಲ. ಹೆಣ್ಣುಮಕ್ಕಳು ಮುಖ ಮೂತಿ ಒಡೆದುಕೊಳ್ಳುವುದನ್ನು ಕೂತು ನೋಡಬೇಕಾ ಅಂತ ಅವರ ವಾದ. ಆದರೆ ನನ್ನ ಬಕೆಟ್ ಎತ್ತುವಾಗ ಮುಖ ಒಂದಿಷ್ಟೂ ಕಿವುಚುವುದಿಲ್ಲ. ಹೆಗಲ ಮೇಲೆ ಸದಾ ಒಂದು ಒದ್ದೆ ಟವೆಲ್, ನನ್ನ ಬಾಯಿ ಒರೆಸಲು.

ಜೂನ್ 9, ಮಧ್ಯಾಹ್ನ

ಯಾರೂ ಇಲ್ಲದ ಹೊತ್ತು ನೋಡಿ ಕೆಳಗಿಳಿದೆ. ಗೋಡೆ ಹಿಡಿದು. ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ನೋಡಿ ನನಗೇ ನಂಬಿಕೆ ಬರಲಿಲ್ಲ. ಹಿಂದೆ ಬಾಗಿಲಲ್ಲಿ ಅಂಚೆಯವಳು. ಟಪಾಲು ಹಂಚಿ ಮುಗಿಸಿ ಪ್ರಾಕ್ಟೀಸಿಗೆ ಬೇಗ ಬಂದುಬಿಟ್ಟಿದ್ದಾಳೆ.

"ಅಕ್ಕಾ, ಇಳಿದೂ ಇಳಿದೂ ನನ್ನ ತೂಕದ ಕೆಟಗರಿಗೇ ಬಂದ್ಬಿಟ್ರಲ್ಲ! ಈಗ ನನಗೂ ನಿಮಗೂ ಬೀಳತ್ತೆ ನೋಡಿ."

"ಬಾರೇ. ಈಗಲೂ ನಿನ್ನನ್ನ ಒಂದೇ ರೌಂಡಲ್ಲಿ ಮಲಗಿಸ್ತೀನಿ."

ನಕ್ಕೆ. ನಕ್ಕದ್ದೇ ತಪ್ಪಾಯಿತು, ರಿಂಗಿನ ಅಂಚಿಗೇ ಕಕ್ಕಿದೆ. ಪಾಪ, ಅವಳೇ ಒರೆಸಿದಳು. ಹೋಗುವಾಗ ನಗು ಇರಲಿಲ್ಲ ಅವಳ ಮುಖದಲ್ಲಿ. "ಸರ್‌ಗೆ ಹೇಳ್ಲಾ ಅಕ್ಕಾ?" ಅಂದಳು. ಬಾಯಿ ಮುಚ್ಕೊಂಡಿರು ಅಂದೆ.

ಹೇಳುವುದು ಏನಿದೆ? ಬಾಯಾರಿಕೆ ನನಗೆ ಹೊಸದಲ್ಲ. ಪಂದ್ಯಕ್ಕೆ ಮುಂಚೆ ತೂಕ ಇಳಿಸುವಾಗ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಹಗ್ಗ ಜಿಗಿಯುತ್ತಿದ್ದೆವು. ನೀರು ಬಂದ್. ಕೊನೆಗೆ ಉಗುಳಿ ಉಗುಳಿ ಲೋಟ ತುಂಬಿಸುತ್ತಿದ್ದೆವು, ಅಷ್ಟಾದರೂ ಇಳಿಯಲಿ ಅಂತ. ತುಟಿ ಒಡೆಯುತ್ತಿತ್ತು, ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತಿತ್ತು. ಮೈ ಬೊಗಳುತ್ತೆ, ಕಿವಿ ಕೊಡಬೇಡ. ಇವನೇ ಕಲಿಸಿದ್ದು. ಈಗಲೂ ಅದೇ ಬಣ್ಣ, ಅದೇ ಒಡೆದ ತುಟಿ. ತಡೆದುಕೊಂಡವಳು ನಾನು, ಇದನ್ನೂ ತಡೆದುಕೊಳ್ಳುತ್ತೇನೆ.

ಜೂನ್ 10

ಇವನಿಗೆ ಹೊಡೆದೆ. ಬೇಕಂತ ಅಲ್ಲ.

ಬೆಳಿಗ್ಗೆಯಿಂದ ಒಂದು ಗುಟುಕೂ ನಿಂತಿರಲಿಲ್ಲ. ಗ್ಲೂಕೋಸ್ ನೀರು, ಚಮಚ ಹಿಡಿದುಕೊಂಡು ಬಂದ. "ಬಾಯಿ ತೆಗಿ." ಬೇಡ ಅಂದೆ. "ಬಾಯಿ ತೆಗೀತೀಯೋ ಇಲ್ವೋ?" ಅಂತ ದವಡೆ ಹಿಡಿದ. ರಿಂಗಿನ ಮೂಲೆಯಲ್ಲಿ ಹಲ್ಲಿನ ಗಾರ್ಡ್ ತುರುಕುವಾಗ ಹಿಡಿಯುತ್ತಾನಲ್ಲ, ಹಾಗೇ. ಸುರಿದ. ಅರ್ಧ ಮೂಗಿಗೆ ಹೋಯಿತು. ಉಸಿರು ಕಟ್ಟಿತು, ಕಣ್ಣಿಗೆ ಕತ್ತಲು. ಬಲಗೈ ತಾನಾಗಿಯೇ ಎದ್ದಿತು. ಕೆಳಗಿನಿಂದ ಮೇಲಕ್ಕೆ, ಗಿಡ್ಡ, ನೇರ ಗದ್ದಕ್ಕೆ. ಚಮಚ ಎಲ್ಲಿ ಹಾರಿತೋ ಗೊತ್ತಿಲ್ಲ. ಹಲ್ಲಿನ ಚೂರು ಹಾಸಿಗೆಯ ಮೇಲೆ ಬಿತ್ತು. ಬಾಯಿಂದ ರಕ್ತ ಬನಿಯನ್ ತುಂಬ ಇಳಿಯಿತು. ಆ ರಕ್ತದ ವಾಸನೆಗೆ ಅವನ ತೊಡೆಯ ಮೇಲೇ ಕಕ್ಕಿದೆ.

ಇಬ್ಬರೂ ಒಂದೇ ಸಿಂಕಿಗೆ ಬಾಗಿದೆವು. ಅವನದು ಕೆಂಪು, ನನ್ನದು ಹಳದಿ.

"ಸೊಂಟ ಚೆನ್ನಾಗಿ ತಿರುಗಿಸ್ದೆ ಕಣೇ," ಅಂದ, ಬಾಯಿ ಒತ್ತಿ ಹಿಡಿದುಕೊಂಡು.

ಎಲಾ ಇವನ! ಅದು ಕೇಳಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವನೂ ಅತ್ತ, ನಲ್ಲಿ ಜೋರಾಗಿ ಬಿಟ್ಟು, ನನಗೆ ಗೊತ್ತಾಗದಿರಲಿ ಅಂತ. ಅತ್ತೆ ಬಂದು ಟವೆಲಿನ ಒಂದು ತುದಿಯಲ್ಲಿ ಮಗನ ಬಾಯಿ, ಇನ್ನೊಂದು ತುದಿಯಲ್ಲಿ ನನ್ನ ಬಾಯಿ ಒರೆಸಿದರು.

"ಒಳ್ಳೆ ಜೋಡಿ. ಹುಟ್ಟೋ ಕೂಸು ಗೂಸಾ ಕೊಟ್ಕೊಂಡೇ ಬರತ್ತೆ," ಅಂದರು.

ಜೂನ್ 13, ಸಂಜೆ

ಬಾಗಿಲಲ್ಲಿ ಬಂದು ನಿಂತ. ಸ್ನಾನ ಮಾಡಿದ್ದ.

"ಆಸ್ಪತ್ರೆಗೆ ಹೋಗೋಣ್ವಾ?"

"ನಾನು ಹೇಳಿದ್ನಾ?"

"ಇಲ್ಲ."

"ಮತ್ತೆ?"

ಬಂದ ಹಾಗೇ ಇಳಿದು ಹೋದ. ಒತ್ತಾಯ ಮಾಡುವ ಹಾಗಿಲ್ಲ ಅವನು.

ರಿಂಗಿನಲ್ಲಿ ಇರುವವರು ಸಾಕು ಅನ್ನುವುದಿಲ್ಲ. ನಮ್ಮ ಜಿಮ್ಮಿನಲ್ಲಂತೂ ಆ ಮಾತೇ ಇಲ್ಲ. ಸಾಕು ಅನ್ನಬೇಕಾದವರು ಮೂಲೆಯಲ್ಲಿ ನಿಂತವರು. ನೋಡಲಾಗದೆ ಹೋದರೆ ಟವೆಲ್ ಒಳಗೆ ಎಸೆಯುತ್ತಾರೆ, ಅಲ್ಲಿಗೆ ಪಂದ್ಯ ಮುಗಿಯಿತು. ನನ್ನ ದೊಡ್ಡ ಫೈನಲ್‌ನಲ್ಲಿ ಇವನು ಎಸೆದ. ಎದುರಿಗೆ ಎಡಗೈಯವಳು. ನನ್ನ ಹುಬ್ಬು ಸೀಳಿ ಒಂದು ಕಣ್ಣು ಮುಚ್ಚಿತ್ತು ನಿಜ. ಉಸಿರಿತ್ತು, ಕಾಲಿತ್ತು. ಗೆಲ್ಲುತ್ತಿದ್ದೆ. ಈಗಲೂ ಹೇಳುತ್ತೇನೆ, ಗೆಲ್ಲುತ್ತಿದ್ದೆ! ಬಿಳಿ ಟವೆಲ್ ಬಂದು ನನ್ನ ಕಾಲ ಬಳಿ ಬಿತ್ತು. ಆ ಸೀಸನ್ ಪೂರ್ತಿ ಇವನ ಜೊತೆ ಮಾತು ಬಿಟ್ಟೆ. ಕೊನೆಗೆ ಜಿಮ್ಮಿನ ಗಂಟೆ ಮುಟ್ಟಿಸಿ ಆಣೆ ಹಾಕಿಸಿಕೊಂಡೆ. ನಾನು ಬಾಯಿಬಿಟ್ಟು ಸಾಕು ಅನ್ನುವವರೆಗೆ ನನಗೋಸ್ಕರ ಟವೆಲ್ ಎಸೆಯಕೂಡದು. ಎಂದೆಂದಿಗೂ. ಯಾವುದಕ್ಕೂ, ರಿಂಗಿನ ಆಚೆಗೂ.

ಕೊಟ್ಟ ಮಾತು ಮುರಿಯುವ ಜಾತಿಯಲ್ಲ ಇವನು. ಕತ್ತೆ.

ನಾನೂ ಸಾಕು ಅನ್ನುವುದಿಲ್ಲ. ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅಂತ ಕೇಳಿದ್ದೇನೆ. ತಾಯಿಗೆ ಆಗುತ್ತಿಲ್ಲ ಅಂದರೆ ತೆಗೆದುಬಿಡೋಣ ಅನ್ನುತ್ತಾರಂತೆ. ನನ್ನ ಹತ್ತಿರ ಯಾರಾದರೂ ಆ ಮಾತು ತಂದರೆ ಕೊಲೆ ಆಗುತ್ತದೆ.

ಜೂನ್ 16

ಬಕೆಟಿನಲ್ಲಿ ಕೆಂಪು ಎಳೆ. ಮೇಲೆ ನೀರು ಸುರಿದೆ. ಅತ್ತೆ ಬರುವುದರೊಳಗೆ.

ಉಚ್ಚೆ ನಿನ್ನೆ ಯಾವಾಗ ಹೋಗಿದ್ದು? ನೆನಪಿಲ್ಲ. ತೂಕ ಇಳಿಸುವಾಗ ಹೀಗೇ ಆಗುತ್ತಿತ್ತು... ಆಗುತ್ತಿತ್ತಾ?

ಜೂನ್ 17

ಗಂಟೆ. ಮತ್ತೆ ಗಂಟೆ. ಕೆಳಗೆ ಹೊಡೆಯುತ್ತಿದ್ದಾರೋ, ನನ್ನ ತಲೆಯೊಳಗೋ. ಪೆನ್ನು ಭಾರ

ಜೂನ್ 22, ಆಸ್ಪತ್ರೆ

ಬದುಕಿದ್ದೇನೆ. ಎಡಗೈಗೆ ಡ್ರಿಪ್, ಬಲಗೈಯಲ್ಲಿ ಬರೆಯುತ್ತಿದ್ದೇನೆ.

ಹದಿನೆಂಟರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದೆ. ನಲ್ಲಿಗೆ ತಲೆ ಹೊಡೆಯಿತು. ಇವನು ಎತ್ತಿ ತಂದು ಮಂಚದ ಮೇಲೆ ಹಾಕಿದ. ಎದುರಿಗೆ ಕುಕ್ಕರಗಾಲಲ್ಲಿ ಕೂತ, ರೌಂಡುಗಳ ನಡುವೆ ಕೂರುತ್ತಿದ್ದ ಹಾಗೆ.

"ಹೇಳೇ. ಸಾಕು ಅನ್ನು. ಒಂದೇ ಒಂದು ಮಾತು ಕಣೇ."

ತಲೆ ಅಲ್ಲಾಡಿಸಿದೆ. ಅದು ಚೆನ್ನಾಗಿ ನೆನಪಿದೆ. ಎದ್ದು ಗೋಡೆಗೆ ಗುದ್ದಿದ. ಮತ್ತೆ ಗುದ್ದಿದ. ಗಾರೆ ಉದುರಿತು, ಗೆಣ್ಣು ಒಡೆದು ಗೋಡೆ ತುಂಬ ರಕ್ತ. "ಹೇಳೇ! ನಿನ್ನ ಕಾಲಿಗೆ ಬೀಳ್ತೀನಿ, ಹೇಳೇ!" ನಾನು ಹಲ್ಲು ಕಚ್ಚಿಕೊಂಡೇ ಇದ್ದೆ. ಇಷ್ಟು ದೊಡ್ಡ ಗಂಡಸು, ಕಟ್ಟಿಹಾಕಿದ ಗೂಳಿ ಥರ ಆ ಕೋಣೆಯಲ್ಲಿ ತಿರುಗುತ್ತಿದ್ದ. ಒಂದು ಹೆಜ್ಜೆ ಬಾಗಿಲಿಗೆ ಇಡುತ್ತಾನೆ, ವಾಪಸ್ ಬರುತ್ತಾನೆ.

ಆಗ ಎದೆಯ ಮೇಲೆ ತಣ್ಣಗೆ ಏನೋ ಬಂದು ಬಿತ್ತು. ಟವೆಲ್. ಅತ್ತೆಯ ಹೆಗಲ ಮೇಲಿನದು, ನನ್ನದೇ ವಾಂತಿಯ ವಾಸನೆಯದು.

"ಎಸೆದಿದ್ದೀನಿ. ಆಯ್ತಾ?" ಅಂದರು ಅತ್ತೆ. "ಆಣೆ ಹಾಕಿರೋದು ಇವನು. ನಾನು ಯಾರಿಗೂ ಹಾಕಿಲ್ಲ. ಎತ್ತೋ ಅವಳನ್ನ!"

"ಅಮ್ಮಾ, ನಿಂಗೆ ಹೇಗೆ..."

"ಇಷ್ಟು ವರ್ಷ ಇದೇ ಟವೆಲ್ ಜಗಳ ಕೇಳಿದ್ದೀನಿ, ನಾನೇನು ಕಿವುಡೀನಾ? ಎತ್ತು ಅಂದೆ!"

ಎತ್ತಿದ. ಮುಂದಿನದು ನನಗೆ ಗೊತ್ತಿಲ್ಲ.

ಡಾಕ್ಟರಮ್ಮ ಮೊದಲ ದಿನ ಸಹಜ ಅಂದವಳೇ. ಈಗ ಮುಖ ಚಿಕ್ಕದು ಮಾಡಿಕೊಂಡು ನಿಂತಿದ್ದಳು. "ಇದು ಸಹಜ ಅಲ್ಲ. ಆವತ್ತೇ ನಾನು ಸರಿಯಾಗಿ ಕೇಳಬೇಕಿತ್ತು. ಆದ್ರೆ ನೀವೂ... ಇನ್ನೊಂದು ದಿನ ಬಿಟ್ಟಿದ್ರೆ ಕಿಡ್ನಿ ಕೈ ಕೊಡ್ತಿತ್ತು. ಆಮೇಲೆ ನೀವೂ ಇಲ್ಲ, ಮಗೂನೂ ಇಲ್ಲ."

"ಮಗು ತೆಗೀತೀರಾ?"

"ಯಾರು ಹೇಳಿದ್ದು ನಿಮಗೆ? ಇದಕ್ಕೆ ಔಷಧಿ ಇದೆ ತಾಯೀ. ಮೊದಲೇ ಬಂದಿದ್ರೆ ಮೊದಲೇ ಕೊಡ್ತಿದ್ದೆ."

ಸ್ಕ್ಯಾನ್ ಮಾಡುವಾಗ ಕೂಸಿನ ಎದೆಬಡಿತದ ಸದ್ದು ಕೇಳಿಸಿದರು. ಇಷ್ಟು ವೇಗ! ಪಳಗಿದ ಕೈಗಳು ತೂಗುಬಿಟ್ಟ ಪುಟ್ಟ ಸ್ಪೀಡ್ ಬ್ಯಾಗನ್ನು ಟಪಟಪ ಹೊಡೆದ ಹಾಗೆ, ಒಂದೂ ತಪ್ಪದೆ. ಇವನ ಒಡೆದ ಕೈ ಹಿಡಿದುಕೊಂಡು ಕೇಳಿದೆ. ಗಟ್ಟಿ ಹಿಡಿದೆನೇನೋ, ಅಯ್ಯೋ ಅಂತ ಕೂಗಿದ.

ಆಮೇಲೆ ನರ್ಸ್ ಇವನನ್ನು ಆಚೆ ಕಳಿಸಿ ಬಾಗಿಲು ಹಾಕಿದಳು. ಒಡೆದ ಗೆಣ್ಣು, ಮುರಿದ ಹಲ್ಲು, ನನ್ನ ತಲೆಯ ಪಟ್ಟಿ, ಎಲ್ಲ ನೋಡಿದ್ದಾಳೆ. ಮೆಲ್ಲಗೆ ಕೇಳಿದಳು: "ಹೆದರಬೇಡಿ. ಹೊಡೀತಾರಾ?"

"ಇಲ್ಲಮ್ಮ. ಹೊಡೆದದ್ದು ನಾನು."

ಬಾಯಿ ತೆರೆದುಕೊಂಡು ನೋಡಿದಳು. ಪಾಪ.

ಜೂನ್ 27, ಮನೆ

ನಾಲಿಗೆಯ ಕೆಳಗಿಡುವ ಮಾತ್ರೆ. ಐಸ್ ಚೂರು. ಇವತ್ತು ನೀರು ಒಳಗೇ ಉಳಿಯಿತು, ಅರ್ಧ ತುಂಡು ಬ್ರೆಡ್ಡೂ. ಅತ್ತೆ ಅದನ್ನು ಅಂಚೆಯವಳಿಗೆ ಹೇಳಿದರು, ಅವಳು ಬೀದಿಗೆಲ್ಲ ಹಂಚಿದ್ದಾಳೆ.

ಮತ್ತೆ ತಿರುಗಿ ಬರಬಹುದು ಅಂದಿದ್ದಾಳೆ ಡಾಕ್ಟರಮ್ಮ. ರಕ್ತ ಕಂಡರೆ, ಉಚ್ಚೆ ನಿಂತರೆ, ಒಂದು ಗಂಟೆಯೂ ಕಾಯಬಾರದು. ಇವನ ಎದುರಿಗೇ ಹೇಳಿದಳು.

ಮನೆಗೆ ಬಂದ ಮೇಲೆ ಕೇಳಿದ, "ಆಣೆ ವಾಪಸ್ ತಗೋತೀಯಾ?"

"ನೋಡೋಣ" ಅಂದೆ.

"ಎಂಥ ಹೆಣ್ಣೇ ನೀನು!"

ಹಾಗೆ ಒಮ್ಮೆಗೇ ಆಗಿಬಿಡುತ್ತದೆಯೇ? ಆ ಫೈನಲ್ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವನು ಸಿಟ್ಟಿನಲ್ಲಿ ಇಳಿದು ಹೋದ. ಅತ್ತೆ ಟವೆಲ್ ಒಗೆದು ಒಣಗಿಸಿ, ಮಡಿಸಿ, ಮಂಚದ ಪಕ್ಕದ ಕಿಟಕಿಯ ಕಟ್ಟೆ ಮೇಲೆ ಇಟ್ಟರು. ಕಿಟಕಿಯಿಂದ ಕೆಳಗೆ ಅಂಗಳ ಕಾಣುತ್ತದೆ. ಅಲ್ಲಿ ಇವನು ಎಲ್ಲರ ಕೈಲೂ ಹಗ್ಗ ಜಿಗಿಸುತ್ತಾನೆ.

"ಇಲ್ಲೇ ಇರ್ಲಿ ಇದು," ಅಂದರು.

ಜುಲೈ 4, ಬೆಳಿಗ್ಗೆ

ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದಾರೆ. ನಿನ್ನೆ ಮಧ್ಯಾಹ್ನದಿಂದ ಮತ್ತೆ ಶುರು. ಮಾತ್ರೆಯೂ ಕರಗುವ ಮುಂಚೆಯೇ ಆಚೆ ಬಂತು. ಸುಮ್ಮನಿದ್ದೆ. ಈಗ ಬೇಸಿನ್ನಿನಲ್ಲಿ ಕೆಂಪು. ಎಳೆಯಲ್ಲ ಈ ಸಲ, ಸರಿಯಾಗಿಯೇ ರಕ್ತ. ಕೈ ಚೆಂಬಿಗೆ ಹೋಯಿತು, ನೀರು ಸುರಿಯಲು.

ಕೆಳಗೆ ಹಗ್ಗದ ಸದ್ದು. ಇವನು ನನಗೆ ಬೆನ್ನು ಹಾಕಿ ನಿಂತಿದ್ದಾನೆ, ಬಾಯಲ್ಲಿ ಸೀಟಿ. ಇನ್ನೊಂದು ರೌಂಡು. ಇದೊಂದು ತಡೆದುಕೋ. ಮೈ ಬೊಗಳುತ್ತೆ, ಕಿವಿ ಕೊಡಬೇಡ... ಥೂ! ಯಾರ ಮೈ? ಈಗ ನನ್ನೊಬ್ಬಳದಾ ಇದು? ಆ ಸ್ಪೀಡ್ ಬ್ಯಾಗಿನ ಸದ್ದು ಇದರೊಳಗೇ ಅಲ್ಲವಾ ಇರುವುದು? ಆ ಕೂಸು ಯಾರಿಗೆ ಹೇಳಬೇಕು ಸಾಕು ಅಂತ? ಅದರ ಮೂಲೆಯಲ್ಲಿ ನಿಂತಿರುವವಳು ನಾನೊಬ್ಬಳೇ.

ಚೆಂಬು ಗೋಡೆಗೆ ಬೀಸಿದೆ. ಕಿಟಕಿ ತನಕ ತೆವಳಿದೆ.

ಎಸೆದೆ. ಈಗಷ್ಟೇ.

ಅವನ ಕಾಲ ಬಳಿಯೇ ಬಿತ್ತು. ಹಗ್ಗಗಳೆಲ್ಲ ನಿಂತವು. ಮೊದಲು ಟವೆಲ್ ನೋಡಿದ, ಆಮೇಲೆ ತಲೆ ಎತ್ತಿದ. ಸಾಕು ಅಂದೆ. ಕೇಳಿಸಿತೋ ಇಲ್ಲವೋ, ಸೀಟಿ ಬಾಯಿಂದ ಬಿತ್ತು, ಓಡಿದ. ಮೆಟ್ಟಿಲ ಮೇಲೆ ಸದ್ದು. ಬೆವರು ವಾಸನೆ ಆಗಲೇ ಬರುತ್ತಿದೆ, ಸ್ನಾನ ಮಾಡಿಲ್ಲ ಇವನು. ಬರಲಿ. ಬೇಗ ಬರ