ಅಕ್ಕನ ಮುಂದೆ ಒಡೆಯಬಾರದ ಕಾಗದ

ಶನಿವಾರ, ಮಾರ್ಚ್ ೧೪

ಪ್ರೀತಿಯ ಭಾವನವರಿಗೆ,

ಬೂಟು ರಿಪೇರಿ ಅಂಗಡಿಯಿಂದ ನಿಮ್ಮ ಭಾವಮೈದುನ ಮಾಡುವ ನಮಸ್ಕಾರ. ನೀವೆಲ್ಲ ಆರೋಗ್ಯವಾಗಿದ್ದೀರೆಂದು ನಂಬಿಕೊಂಡಿದ್ದೇನೆ. ನಂಬಿಕೆ ಬಾರದ ದಿನ ಅಕ್ಕನ ಕೆಮ್ಮು ನೆನಪಾಗಿ ಊಟ ಸೇರುವುದಿಲ್ಲ. ನಿಮ್ಮ ಎರಡು ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ, ಅಡ್ಡಾದಿಡ್ಡಿ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೊದಲು ಒಂದು ಮಾತು: ಈ ಕಾಗದವನ್ನು ಅಕ್ಕನ ಮುಂದೆ ಒಡೆಯಬೇಡಿ. ಒಡೆದುಬಿಟ್ಟಿದ್ದರೆ, ಅಂಗಡಿ ವಿಚಾರ ಎಂದು ಹೇಳಿ ಹಿತ್ತಲಿಗೆ ಹೋಗಿ.

ಹೋದಿರಾ?

ಪುಸ್ತಕ ಬೈಂಡು ಮಾಡುವವರ ಮಗಳನ್ನು ಯಾಕೆ ಬೇಡವೆಂದೆ ಎಂದು ಕೇಳಿದ್ದಿರಿ. ಅವಳ ಹಲ್ಲು ಮುಂದಿದೆ ಎಂದು ಅಕ್ಕನಿಗೆ ಹೇಳಿದ್ದೆ. ಅದು ಆ ಗಳಿಗೆಗೆ ಬಾಯಿಗೆ ಬಂದ ನೆಪ. ತೊಂದರೆ ಇರುವುದು ನನ್ನಲ್ಲಿ. ಹೇಗೆ ಬರೆಯಲಿ. ಗಂಡಸಿನ ಆ ಜಾಗದ ತುದಿಗೆ ಒಂದು ತೊಗಲು ಇರುತ್ತದಲ್ಲ, ಡಾಕ್ಟರು ಮುಂದೊಗಲು ಅನ್ನುತ್ತಾರೆ, ಅದು ನನ್ನದು ಬಿಗಿ. ಹಿಂದಕ್ಕೆ ಸರಿಯುವುದೇ ಇಲ್ಲ. ಈಗ ನನಗೆ ಮೂವತ್ತೊಂದು. ಇಷ್ಟು ವರ್ಷವೂ ಪ್ರಪಂಚದಲ್ಲಿ ನನಗೊಬ್ಬನಿಗೇ ಹೀಗೆ ಎಂದುಕೊಂಡು, ಮದುವೆ ಮಾತು ಬಂದಾಗಲೆಲ್ಲ ಒಂದೊಂದು ಹೆಣ್ಣಿಗೆ ಒಂದೊಂದು ಹೆಸರಿಟ್ಟು ಜಾರಿಕೊಂಡೆ. ಡಾಕ್ಟರ ಹತ್ತಿರ ಹೋದರೆ ಬುಡಸಮೇತ ಕತ್ತರಿಸಿಯಾರು ಎಂಬ ಭಯ.

ಹೋದ ತಿಂಗಳು ಒಂದು ದಿನ ಅನ್ನಿಸಿತು, ಬಿಗಿಯಾದ ಬೂಟು ಸಡಿಲ ಮಾಡುವುದು ನನ್ನ ಕಸುಬಲ್ಲವೇ, ಇದೂ ತೊಗಲೇ. ಅಂಗಡಿ ಬಾಗಿಲು ಎಳೆದುಕೊಂಡು, ಬೂಟಿಗೆ ಸವರುವ ಎಣ್ಣೆಯನ್ನೇ ಸವರಿ, ಕಣ್ಣು ಮುಚ್ಚಿ ಒಂದೇ ಸಲ ಹಿಂದಕ್ಕೆಳೆದೆ. ಬಂತು. ಭಾವ, ಬಂತೆಂದು ಎರಡು ನಿಮಿಷ ಖುಷಿಪಟ್ಟೆ. ಆಮೇಲೆ ಮುಂದಕ್ಕೆ ಹೋಗಲಿಲ್ಲ. ಹಿಂದೆ ಬಳೆಯ ಹಾಗೆ ಬಿಗಿದು ಕೂತಿತು, ಮುಂದೆ ಊದತೊಡಗಿತು. ಅದರ ಬಣ್ಣ ನೋಡಿ ನನಗೆ ಕಣ್ಣು ಕತ್ತಲಿಟ್ಟಿತು. ಬೂಟಿನ ಖಾಲಿ ಡಬ್ಬಿಯೊಂದನ್ನು ಮುಂದೆ ಹಿಡಿದುಕೊಂಡು, ಕಾಲಗಲಿಸಿ, ಬೀದಿಯ ಆ ತುದಿಯ ಕ್ಲಿನಿಕ್ಕಿಗೆ ಹೊರಟೆ. ದಾರಿಯಲ್ಲಿ ಮೂವರು ನಿಲ್ಲಿಸಿ "ಹೊಸ ಬೂಟಾ? ತೋರ್ಸು" ಅಂದರು.

ಬಾಗಿಲಲ್ಲಿ ಕಾಂಪೌಂಡರ್. ಅವನ ದನಿ ಇಡೀ ಬೀದಿಗೆ ಕೇಳುತ್ತದೆ.

"ಏನ್ ತೊಂದ್ರೆ?"

"ಕಾಲು."

"ಯಾವ ಕಾಲು?"

"ಎರಡೂ."

ಬೆಂಚಿನ ಮೇಲೆ ಕೂರಿಸಿ, ಎರಡೂ ಬೂಟು ಬಿಚ್ಚಿಸಿ, ಬೆರಳು ಬೆರಳೂ ಹಿಡಿದು ನೋಡಿದ. "ಕಾಲು ಚೆನ್ನಾಗೇ ಇದ್ಯಲ್ಲಪ್ಪ. ಡಬ್ಬೀಲೇನಿದೆ?" ಎಂದು ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ನನ್ನ ಮುಖ ನೋಡಿದವರೇ ಒಳಗೆ ಕರೆದುಕೊಂಡರು. ವಯಸ್ಸಾದವರು, ನಮ್ಮ ಅಂಗಡಿಯ ಹಳೆಯ ಗಿರಾಕಿ, ಅಗಲ ಪಾದ.

"ಎಷ್ಟೊತ್ತಾಯ್ತು?"

"ಮುಕ್ಕಾಲು ಗಂಟೆ."

"ಬೇಗ ಬಂದೆ, ಒಳ್ಳೇದಾಯ್ತು. ಇಡೀ ದಿನ ನಾಚ್ಕೊಂಡು ಕೂತಿದ್ರೆ ರಕ್ತ ಓಡಾಟ ನಿಂತು, ನಾನು ಕತ್ತರಿ ಹಿಡೀಬೇಕಾಗ್ತಿತ್ತು."

ಕತ್ತರಿ ಎಂದ ಕೂಡಲೇ ನಾನು ಮಂಚದಿಂದ ಇಳಿಯಲು ನೋಡಿದೆ. ಹಿಡಿದು ಮಲಗಿಸಿದರು. ಮರಗಟ್ಟಿಸುವ ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಊತ ಇಳಿಯುವ ತನಕ ಅಂಗೈಯಲ್ಲಿ ಒತ್ತಿ ಹಿಡಿದರು. ಐದು ನಿಮಿಷ, ಹತ್ತು ನಿಮಿಷ. ಆ ಹೊತ್ತಿನಲ್ಲಿ ಏನು ಮಾತಾಡಬೇಕೋ ತೋಚದೆ ನಾನು, ನಿಮ್ಮ ಬೂಟಿನ ಹಿಮ್ಮಡಿ ಸವೆದಿದೆ ಸಾರ್, ಅಂದೆ. "ಸುಮ್ನೆ ಮಲಗು" ಅಂದರು. ಕೊನೆಗೆ ತೊಗಲು ತನ್ನ ಜಾಗಕ್ಕೆ ಬಂತು. ನಾನು ಅತ್ತುಬಿಟ್ಟೆ.

"ಅಳೋದ್ಯಾಕೆ? ಈ ಕಾಯಿಲೆಗೆ ಈ ವಾರ ನೀನು ಮೂರನೇವನು" ಅಂದರು. ಇಷ್ಟು ವರ್ಷ ನಾನೊಬ್ಬನೇ ಎಂದುಕೊಂಡಿದ್ದವನಿಗೆ ಒಳಗೊಳಗೆ ಸ್ವಲ್ಪ ಅವಮಾನವೂ ಆಯಿತು.

ಹಚ್ಚಿದ್ದು ಬೂಟಿನೆಣ್ಣೆ ಎಂದು ಕೇಳಿ ಕನ್ನಡಕ ತೆಗೆದರು. "ಹೋದ್ವರ್ಷ ನನ್ ಬೂಟು ಬಿಗಿ ಅಂತ ತಂದ್ರೆ ಮೂರು ವಾರ ಇಟ್ಕೊಂಡೆ. ಯಾಕಯ್ಯಾ ಅಂದಿದ್ದಕ್ಕೆ ಏನಂದೆ?"

"ಒಂದೇ ದಿನಕ್ಕೆ ಎಳೆದ್ರೆ ಬಿರುಕು ಬಿಡುತ್ತೆ, ದಿನಾ ಕೂದಲೆಳೆಯಷ್ಟು ಸಡಿಲ ಮಾಡ್ಬೇಕು ಅಂದಿದ್ದೆ."

"ಸತ್ತ ತೊಗಲಿಗೆ ಅಷ್ಟು ಮರ್ಯಾದೆ ಕೊಡ್ತೀಯ, ಬದುಕಿರೋ ತೊಗಲಿಗೆ ಇಷ್ಟೇನಾ? ಇದೂ ಬಿರುಕು ಬಿಡುತ್ತೆ. ಮಾಯ್ದ ಮೇಲೆ ಮೊದಲಿಗಿಂತ ಬಿಗಿಯಾಗುತ್ತೆ."

ಊತವೆಲ್ಲ ಹೋದ ಮೇಲೆ ಬೇರೆ ಮುಲಾಮು ಬರೆದುಕೊಟ್ಟರು. ಬಿಗಿ ಇರುವ ಕಡೆ ತೆಳ್ಳಗೆ, ದಿನಕ್ಕೆರಡು ಸಲ, ಆರು ವಾರ. ಅವರು ಹೇಳಿದಷ್ಟೇ ದಿನ, ನನ್ನ ಬುದ್ಧಿ ಓಡಿಸಿ ಹೆಚ್ಚಿಗೆ ಹಚ್ಚುವಂತಿಲ್ಲ. ಬೆಚ್ಚನೆಯ ನೀರಿನ ಸ್ನಾನದಲ್ಲಿ, ಎಳೆತ ಗೊತ್ತಾಗುವಷ್ಟು ಮಾತ್ರ ಹಿಂದೆ ಸರಿಸಬೇಕು, ನೋಯುವಷ್ಟಲ್ಲ. ಸರಿಸಿದ್ದನ್ನು ಮರೆಯದೆ ಮುಂದಕ್ಕೆ ತರಬೇಕು, ಬಾರದಿದ್ದರೆ ಕಾಯದೆ ಓಡಿ ಬರಬೇಕು. ಸೋಪು ಬೇಡ, ನೀರು ಸಾಕು. ಸಕ್ಕರೆ ಕಾಯಿಲೆಯಿಂದಲೂ ಹೀಗೆ ಬಿಗಿಯುವುದುಂಟಂತೆ, ರಕ್ತ ಪರೀಕ್ಷೆ ಮಾಡಿಸಿದರು. ನನಗಿಲ್ಲ. ಆದರೂ ಯಾಕೆ ಬೇಕು ಎಂದು ಟೀಗೆ ಸಕ್ಕರೆ ಬಿಟ್ಟಿದ್ದೇನೆ.

"ಇದ್ರಲ್ಲಿ ಆಗ್ಲಿಲ್ಲ ಅಂದ್ರೆ ಸಣ್ಣ ಆಪರೇಷನ್ ಇದೆ. ಬರೀ ತೊಗಲಿಗೆ. ಬುಡಕ್ಕೆ ಯಾರೂ ಕೈ ಹಾಕಲ್ಲ" ಅಂದರು. ನಾನು ಎರಡು ಸಲ ಹೇಳಿಸಿಕೊಂಡೆ.

ಈಗ ನಾಲ್ಕನೇ ವಾರ. ಅರ್ಧಕ್ಕೂ ಹೆಚ್ಚು ಸರಿಯುತ್ತದೆ, ನೋವಿಲ್ಲ. ಮುಲಾಮು ಪಾಲಿಶ್ ಡಬ್ಬಿಗಳ ಜೊತೆ ಬೆರೆತುಹೋದೀತೆಂಬ ಚಿಂತೆಯೊಂದು ಬಿಟ್ಟರೆ ಕ್ಷೇಮ. ಅಕ್ಕನಿಗೆ ಕೆಮ್ಮಿನ ಔಷಧಿ ತಪ್ಪಿಸಬೇಡಿ. ಮಕ್ಕಳ ತಲೆ ಸವರಿ ಮಾವನ ಆಶೀರ್ವಾದ ಎಂದು ಹೇಳಿ.

ಇಂತಿ,
ನಿಮ್ಮ ಹೆದರುಪುಕ್ಕಲ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ನಿನ್ನೆ ಬೈಂಡಿನವರ ಮಗಳು ಕಿತ್ತುಹೋದ ಚಪ್ಪಲಿ ತಂದಿದ್ದಳು. ನಾನು ಗಾಬರಿಯಲ್ಲಿ ಎಡಗಾಲಿನ ಚಪ್ಪಲಿಗೆ ಬಲಗಾಲಿನ ಅಳತೆ ತೆಗೆದೆ. ಅವಳಿಗೆ ನಗು ಬಂತು. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅವತ್ತು ಮದುವೆ ಮಾತಿಗೆ ಹೋದಾಗ ಅವಳು ಬಾಯ್ತುಂಬ ನಕ್ಕಿದ್ದಳು, ಭಾವ. ಆ ನಗು ಆ ಹಲ್ಲು ಸಮೇತ ನನಗೆ ಹಿಡಿಸಿತ್ತು. ಬಾಯಿಗೆ ಆ ಕೈ ಅಡ್ಡ ಇಟ್ಟವನು ನಾನು. ಬುಧವಾರ ಚಪ್ಪಲಿ ಒಯ್ಯಲು ಬರುತ್ತಾಳೆ, ಹಲ್ಲಿನ ಮಾತು ಸುಳ್ಳೆಂದು ನಾನೇ ಹೇಳುತ್ತೇನೆ. ಆದರೆ ಅದನ್ನು ಅವರ ಮನೆಗೆ ಮುಟ್ಟಿಸಿದವಳು ಅಕ್ಕ, ಅವಳೂ ಹೋಗಿ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ಕಾರಣ ತಿಳಿಯದೆ ಅವಳು ಹೊಸಿಲು ದಾಟುವವಳಲ್ಲ, ನಿಮಗೂ ಗೊತ್ತು. ಹಿತ್ತಲಿಂದ ಒಳಗೆ ಬಂದು ಈ ಕಾಗದವನ್ನು ಅವಳ ಕೈಗೆ ಕೊಡಿ.