ನಾಲ್ಕು ಬೆರಳು ಮೊಟಕಾದ ಕೋಲು

ನನ್ನ ಅಪ್ಪನಿಗೆ,

ನಿನ್ನ ಗಾಲ್ಫ್ ಕೋಲು ಈಗ ನನ್ನ ಪುಸ್ತಕಗಳ ಪಕ್ಕ ಒರಗಿದೆ. ಸಾಹೇಬರೊಬ್ಬರು ಬಿಟ್ಟುಹೋದ ಅದನ್ನು ನಾಲ್ಕು ಬೆರಳು ಕತ್ತರಿಸಿ, ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ್ದೆಯಲ್ಲ, ಯಾಕೆ? ನೀನಿದ್ದಾಗಲೇ ಕೇಳಬಹುದಿತ್ತು. ನಮ್ಮಿಬ್ಬರಲ್ಲೂ ಮಾತು ಕಡಿಮೆ...

ಸೇಡಂನಿಂದ ಬಸ್ಸಿನಲ್ಲಿ ನೀನು ಮಾಲಿಯಾಗಿದ್ದ ಸಿಮೆಂಟ್ ಕಾಲೊನಿಯ ಗಾಲ್ಫ್ ಮೈದಾನಕ್ಕೆ ನಾನು ಬುತ್ತಿ ತರುತ್ತಿದ್ದೆ. ಚೆಂಡು ಬೀಳಬೇಕಾದ ಕುಣಿಯ ಸುತ್ತಲಿನ ಜಾಗಕ್ಕೆ ಹೆಸರು ಗ್ರೀನ್, ಇದ್ದದ್ದು ಎಣ್ಣೆ ಬೆರೆಸಿದ ಉಸುಕು. ನೀನು ಗೋಣಿಚೀಲ ಎಳೆದು ಅದನ್ನು ಸಮ ಮಾಡಿ, ಮೇಲೆ ಹೆಗಲ ಟವೆಲ್ ಹಾಸಿ, ಅಂಚಿನಿಂದ ಚೆಂಡನ್ನು ಮೆಲ್ಲಗೆ ಎತ್ತಿ ಹೊಡೆದು ಚಿಪ್ ಮಾಡುತ್ತಿದ್ದೆ. ಚೆಂಡು ಟವೆಲ್ ಮೇಲೆ ಬಿದ್ದ ಮೇಲೆ ಟವೆಲ್ ತೆಗೆದು ಮತ್ತೆ ಹೊಡೆತ. ಅದೇ ಜಾಗದಲ್ಲಿ ಬಿದ್ದ ಚೆಂಡು ಕುಣಿಯತ್ತ ಉರುಳುತ್ತಿತ್ತು. “ಕುಣಿ ನೋಡಬ್ಯಾಡವ್ವಾ, ಬೀಳೋ ಜಾಗಾ ನೋಡು. ಮುಂದಿಂದು ಚೆಂಡಿನ ಕೆಲಸ,” ಅನ್ನುತ್ತಿದ್ದೆ ನೀನು.

ಹೋದ ತಿಂಗಳು ನಿನ್ನ ಜೊತೆಗಾರ ಬಸಣ್ಣ ಕಾಕಾ ಮನೆಗೆ ಬಂದ. ವರ್ಷದ ಪಂದ್ಯದ ದಿನ ಮಾಲಿಗಳ ಪರವಾಗಿ ನೀನು ಹೊಡೆಯುತ್ತಿದ್ದ ಆ ಒಂದೇ ಚಿಪ್ ನೆನಪಿದೆಯಲ್ಲ? ಚೆಂಡು ಕುಣಿಯಿಂದ ಒಂದು ಕೋಲಿನಳತೆಯೊಳಗೆ ನಿಂತರೆ ಅಂದಿನ ಊಟದಲ್ಲಿ ಮಾಲಿಗಳದೇ ಮೊದಲ ಪಂಕ್ತಿ, ಬಡಿಸುವವರು ಸಾಹೇಬರು. “ಈ ಸಲ ನೀನೇ ಹೊಡಿಬೇಕವ್ವಾ. ನಮ್ಮ ಮಂದಿ ಮೊದಲ ಕುಂದ್ರೋದು ನಿನ್ನ ಕೈಯಾಗದ,” ಅಂದ. ನಾನೋ, ತರಗತಿಯಲ್ಲಿ ಹಾಜರಿ ಕೂಗಿದಾಗಲೂ ದನಿ ಏಳದವಳು!

ಅಭ್ಯಾಸದ ಮೊದಲ ದಿನ ಯಾರದೋ ಉದ್ದ ಕೋಲು ಹಿಡಿದೆ. ಅದರ ತುದಿ ಹೊಟ್ಟೆಗೆ ತಾಗಿ ಮಣಿಕಟ್ಟು ಬಾಗಿತು. ಮಣ್ಣು ಹಾರಿತು, ಚೆಂಡು ಅಲ್ಲೇ. “ಏನವ್ವಾ, ಎಂ.ಎ. ಮಾಡಿದಾಕಿ ಶೇಂಗಾ ಕೀಳಲಿಕತ್ತಿ?” ಎಂದು ಕಾಕಾ ನಕ್ಕ. ನಿನ್ನ ಮೊಟಕು ಕೋಲು ಹಿಡಿದಾಗ ಮಾತ್ರ ಕೈಗಳು ಚೆಂಡಿಗಿಂತ ಮುಂದೆ ನಿಂತವು, ಭಾರ ಎಡಗಾಲಿಗೆ ಬಂತು, ಹೆಗಲಷ್ಟೇ ತೂಗಿತು. ಓಹೋ, ಇದಕ್ಕೇನಾ ಕತ್ತರಿಸಿದ್ದು? ಆದರೆ ಅಳೆಯುವುದೂ ಅದೇ ಕೋಲಿನಿಂದಲೇ ಎಂಬುದು ನಿನಗೆ ಹೊಳೆಯಲಿಲ್ಲವೇ? ಅಥವಾ ಹೊಳೆದೂ...

ಕಳೆದ ಭಾನುವಾರ, ಪಂದ್ಯದ ದಿನ, ಎಲ್ಲರೂ ಸುತ್ತ ನಿಂತಿದ್ದರು. ಚೆಂಡು ನಾನು ನೋಡಿದ ಜಾಗದಲ್ಲೇ ಬಿತ್ತು, ಉರುಳಿತು, ಕುಣಿಗಿಂತ ಮೊದಲೇ ನಿಂತಿತು. ಕಾಕಾ ಕೋಲು ಇಟ್ಟು ಅಳೆದ. ನಾಲ್ಕು ಬೆರಳು ಹೊರಗೆ.

“ನನ್ನ ಉದ್ದ ಕೋಲು ಇಡ್ರಿ, ಒಳಗ ಬರ್ತದ,” ಎಂದರು ಒಬ್ಬ ಸಾಹೇಬರು. ಮಾಲಿಗಳೆಲ್ಲ ನನ್ನ ಮುಖ ನೋಡಿದರು.

“ಬ್ಯಾಡ್ರಿ ಸಾಹೇಬ್ರ. ಹೊಡೆದದ್ದು ಇದರಾಗ, ಅಳೆಯೋದೂ ಇದರಾಗ.” ನನ್ನದೇ ದನಿ, ಅಷ್ಟು ಜೋರಾಗಿ!

ಎರಡನೇ ಪಂಕ್ತಿಯಲ್ಲಿ ಹೋಳಿಗೆ ತಣ್ಣಗಾಗಿತ್ತು. ನಾನು ತಲೆ ಎತ್ತಲಿಲ್ಲ. ಕಾಕಾ ತನ್ನದರಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದ. “ಉಣ್ಣು. ಕೋಲು ಕತ್ತರಿಸಿದ ಮೊದಲ ವರ್ಷ ನಿಮ್ಮಪ್ಪನೂ ಹಿಂಗೇ ಸೋತಿದ್ದ. ಉದ್ದ ಕೋಲು ಬ್ಯಾಡಂದಿದ್ದ. ಹೇಳಿಲ್ಲೇನು ನಿನಗ?”

ಇಲ್ಲ ಅಪ್ಪಾ, ನೀನು ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಮೈದಾನಕ್ಕೆ ಹೋಗಿದ್ದೆ. ನಿನ್ನ ಟವೆಲನ್ನು ನಾಲ್ಕು ಬೆರಳು ಮುಂದಕ್ಕೆ ಹಾಸಿದ್ದೇನೆ.

ನಿನ್ನ ಮಗಳು